ಕಲ್ಮನೆ ಮಾರಾಟವಾದ ವರ್ಷ

ಹೋದ ತಿಂಗಳು ನಮ್ಮ ಬೀದಿಯ ಗುಡಿಯ ಗೋಡೆಗೆ ಹಳೆಯ ಕ್ರಮದಲ್ಲೇ ಗಾರೆ ಹಾಕಿಸಬೇಕೆಂದು ಯಾರೋ ಹಟ ಹಿಡಿದರು. ಸುಣ್ಣ ನೆನೆಹಾಕಿ, ಅಳಲೆಕಾಯಿ ಕೊಳೆಸಿದ ನೀರು ಮತ್ತು ಬೆಲ್ಲ ಬೆರೆಸಿ ಅರೆಯುವ ಗಾರೆ. ಬೆಳಿಗ್ಗೆ ಹಾಲಿಗೆಂದು ಹೊರಟವಳು ಆ ವಾಸನೆಗೆ ನಿಂತುಬಿಟ್ಟೆ. ಸಿಹಿಯೂ ಅಲ್ಲ, ಹುಳಿಯೂ ಅಲ್ಲ, ಮೂಗಿನೊಳಗೆ ಸ್ವಲ್ಪ ಸುಡುವ ವಾಸನೆ. ಗಾರೆ ಹೊರುತ್ತಿದ್ದ ಹೆಂಗಸು, "ಯಾಕಮ್ಮ, ಕಾಲು ನೋಯ್ತದಾ? ಕೂತ್ಕೊಳ್ಳಿ" ಎಂದು ಇಟ್ಟಿಗೆಯ ರಾಶಿ ತೋರಿಸಿದಳು. ಕೂತೆ. ಕಾಲು ನೋಯುತ್ತಿರಲಿಲ್ಲ.

ಆ ವಾಸನೆ ಮೊದಲು ನನ್ನ ಮೂಗಿಗೆ ಬಿದ್ದದ್ದು ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷ. ನನ್ನನ್ನು ಕಾಮಸಮುದ್ರದ ಆಚೆ, ಆಂಧ್ರದ ಗುಡ್ಡಗಳು ಕಾಣುವ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಹಾಕಿದ್ದರು. ಗಂಡ ಊರಿಗಾಂನಲ್ಲಿ, ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮೂರು ವರ್ಷದ ಮಗಳು ಸುಧಾ ಅತ್ತೆಯ ಹತ್ತಿರ. ದಿನಾ ಹೋಗಿಬರೋಣವೆಂದರೆ ಎರಡು ಬಸ್ಸು ಬದಲಿಸಿ, ಕೊನೆಗೆ ಎರಡು ಮೈಲಿ ನಡೆಯಬೇಕು. ಸೋಮವಾರ ಬೆಳಿಗ್ಗೆ ಬಂದರೆ ಶನಿವಾರ ಮಧ್ಯಾಹ್ನ ಹೋಗುವುದು ಎಂದಾಯಿತು. ಇಳಿದುಕೊಳ್ಳಲು ಕೋಣೆ ಕೇಳಿದಾಗ ಶಾಲೆಯೆದುರಿನ ಅಂಗಡಿಯವನು, "ಕಲ್ಮನೇಲಿ ಕೇಳಿ ಟೀಚರ್. ಅಲ್ಲಿರೋರು ಇಬ್ರೇ, ಕೋಣೆ ಬೇಜಾನು ಅವೆ" ಎಂದ.

ಕಲ್ಮನೆಯನ್ನು ಮೊದಲ ಸಲ ನೋಡಿದಾಗ ಅದು ಮನೆ ಅನ್ನಿಸಲಿಲ್ಲ. ಆಳೆತ್ತರದ ಕಲ್ಲಿನ ಜಗಲಿ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಬಾಗಿಲು, ಎರಡು ಮೊಳ ದಪ್ಪದ ಗೋಡೆ. ಒಳಗೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತ ಹನ್ನೆರಡು ಕಂಬ, ಕಂಬಗಳ ಮೇಲೆ ಹಾಸಿದ ಕಲ್ಲಿನ ಚಪ್ಪಡಿಯ ಮಾಡು. ಪಾಳೇಗಾರರ ಕಾಲದ್ದು ಎಂದು ಊರವರು ಹೇಳುತ್ತಿದ್ದರು, ಅದಕ್ಕೂ ಹಿಂದಿನದು ಎಂದು ಅದರ ಯಜಮಾನರು. ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ್ದ ಅಕ್ಷರಗಳು ನನಗೆ ಓದಲು ಬರಲಿಲ್ಲ. ಒಂದು ಹಂಸ, ಒಂದು ಮೀನು ಮಾತ್ರ ತಿಳಿಯುತ್ತಿತ್ತು.

ಯಜಮಾನರ ಹೆಸರು ತಿಮ್ಮರಾಯಪ್ಪ. ಇಪ್ಪತ್ತಾರು ವರ್ಷ ಚಿನ್ನದ ಗಣಿಯ ಆಳದಲ್ಲಿ ಟಿಂಬರ್‌ಮನ್ ಆಗಿದ್ದವರು. ಅಂದರೆ ಸುರಂಗದ ಮಾಡು ಕೆಲಸಗಾರರ ಮೇಲೆ ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವವರು. ಕಲ್ಮನೆ ಅವರ ಹಿರಿಯರದ್ದೇನೂ ಅಲ್ಲ. ಯಾರೋ ಹುಲ್ಲು ತುಂಬಿ, ದನ ಕಟ್ಟಿ, ಅರ್ಧ ಬೀಳಿಸಿಟ್ಟಿದ್ದ ಮನೆಯನ್ನು ಕೆಲಸ ಬಿಟ್ಟು ಬಂದ ವರ್ಷ ಕೊಂಡರಂತೆ. ಊರೆಲ್ಲ ನಕ್ಕಿತಂತೆ. ನಾನು ಒಂದು ಸಲ ಕಾರಣ ಕೇಳಿದೆ.

"ಇಪ್ಪತ್ತಾರು ವರ್ಷ ಬಂಡೆ ಬೀಳ್ದಂಗೆ ಊರುಗೋಲು ಕೊಟ್ಟೆ ಅಮ್ಮಣ್ಣಿ. ಅದರ ಕೆಳಗೆ ಜನ ಬತ್ತಿದ್ರು, ಅಗೀತಿದ್ರು, ಓಗ್ತಿದ್ರು. ಯಾರೂ ವಾಸ ಮಾಡ್ಲಿಲ್ಲ. ಮನಸ್ರು ಒಲೆ ಹಚ್ಚೋ ಒಂದು ಮಾಡು ನಿಲ್ಲಿಸ್ಬೇಕು ಅಂತ ಆಸೆ ಇತ್ತು."

ನಾನು ಹೋದಾಗ ಮೂರು ವರ್ಷದ ಕೆಲಸ ಮುಗಿಯುವ ಹಂತದಲ್ಲಿತ್ತು. ಆ ಮಳೆಗಾಲದ ಉದ್ದಕ್ಕೂ ಸಂಜೆ ಶಾಲೆ ಬಿಟ್ಟು ಬಂದರೆ ಹಿತ್ತಿಲ ಗಾಣದಲ್ಲಿ ಸುಣ್ಣ ಅರೆಯುವ ಸದ್ದು. ಗಾರೆ ಅರೆಯಲು ಎತ್ತು ತಿರುಗುತ್ತಿತ್ತು, ಅವರ ಹೆಂಡತಿ ವೆಂಕಟಮ್ಮ ಬೆಲ್ಲದ ನೀರು ಸುರಿಯುತ್ತಿದ್ದರು. ನಮ್ಮ ಕಡೆ ಮಳೆ ಎಂದರೆ ಗೊತ್ತಲ್ಲ, ಕರೆದರೂ ಬರದ ನೆಂಟ. ಆದರೆ ಆ ವರ್ಷ ವಾರಕ್ಕೊಮ್ಮೆಯಾದರೂ ಹದವಾಗಿ ಹನಿಯಿತು. "ಗಾರೆ ನಿಧಾನಕ್ಕೆ ಒಣಗ್ಬೇಕು, ಈ ವರ್ಸ ದೇವ್ರು ನಮ್ಮ ಮೇಸ್ತ್ರಿ" ಎನ್ನುತ್ತಿದ್ದರು ತಿಮ್ಮರಾಯಪ್ಪ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬರುತ್ತಿತ್ತು. ಗಣಿಯ ದೂಳು ಅವರ ಎದೆಯಲ್ಲಿ ಕೂತಿತ್ತು. ಏಣಿಯ ನಾಲ್ಕು ಮೆಟ್ಟಿಲು ಹತ್ತಿ ನಿಲ್ಲುವರು, ಉಸಿರು ತೆಗೆದುಕೊಳ್ಳುವರು, ಮತ್ತೆ ನಾಲ್ಕು.

ಅವರ ಕೈಯಲ್ಲಿ ಯಾವಾಗಲೂ ಒಂದು ಕಬ್ಬಿಣದ ಸಲಾಕೆ. ಅದರಿಂದ ಚಪ್ಪಡಿಯನ್ನು ತಟ್ಟಿ ಕಿವಿಗೊಡುವರು. ಗಟ್ಟಿ ಇದ್ದರೆ ಗಂಟೆಯ ಹಾಗೆ ಕೇಳುತ್ತದೆ, ಬಿರುಕಿದ್ದರೆ ಮಡಕೆಯ ಹಾಗೆ. ನನಗೂ ತಟ್ಟಿಸಿ ಕಲಿಸಿದರು. ತೊಟ್ಟಿಯ ಪೂರ್ವದ ಸಾಲಿನ ಮೂರನೆಯ ಕಂಬವನ್ನು ತಟ್ಟಿದಾಗ ಅದು ಮಡಕೆಯಂತೆ ನುಡಿಯಿತು. ಇದ್ದುದರಲ್ಲಿ ಅದೇ ಅತಿ ಚೆಂದದ ಕಂಬ, ಸುತ್ತ ಬಳ್ಳಿ ಕೆತ್ತಿದ್ದು. "ಒಳಗೆ ಸೀಳೈತೆ," ಎಂದರು. "ಇದರ ಭಾರ ಪಕ್ಕದ ಎರಡಕ್ಕೆ ಅಂಚಿಬಿಟ್ಟಿವ್ನಿ. ಆದ್ರೂ ಇದನ್ನ ಸುಮ್ಕೆ ಕೀಳ್ಬಾರ್ದು. ಕಿತ್ರೆ ಮೇಲಿನ ಐದು ಚಪ್ಪಡಿ ಒಂದರ ಇಂದೆ ಒಂದು ಬತ್ತವೆ."

ದಸರೆಗೆ ಕೆಲಸ ಮುಗಿಯಿತು. ವೆಂಕಟಮ್ಮ ಹೊಸ ಒಲೆಯ ಮೇಲೆ ಹಾಲುಕ್ಕಿಸಿದರು. ಅದಾದ ಹದಿನೈದು ದಿನಕ್ಕೆ ತಿಮ್ಮರಾಯಪ್ಪನವರಿಗೆ ಉಸಿರು ಕಟ್ಟಿ, ಎತ್ತಿನ ಗಾಡಿಯಲ್ಲಿ ಟಾರು ರಸ್ತೆಯವರೆಗೆ, ಅಲ್ಲಿಂದ ಸಿಕ್ಕಿದ ಲಾರಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಡಾಕ್ಟರು, ಇನ್ನೊಂದು ಸಲ ಹೀಗಾದರೆ ಅಷ್ಟು ದೂರದಿಂದ ಬಂದು ತಲುಪುವುದಿಲ್ಲ, ಆಸ್ಪತ್ರೆ ಹತ್ತಿರವಿರುವ ಕಡೆ ಮನೆ ಮಾಡಿ ಎಂದರು. ಬಂಗಾರಪೇಟೆಯಲ್ಲಿ ಮಗಳ ಮನೆ ಇತ್ತು. ಅದರ ಪಕ್ಕದಲ್ಲೇ ಒಂದು ಮನೆ ನೋಡಿದರು. ಕಲ್ಮನೆಯನ್ನು ಮಾರುವುದೆಂದಾಯಿತು.

ಪತ್ರಿಕೆಗೆ ಜಾಹೀರಾತು ಬರೆದುಕೊಟ್ಟವಳು ನಾನು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಐದು ಸಾಲಿನಲ್ಲಿ ಮುಗಿಸಬಹುದಾಗಿದ್ದನ್ನು ಎರಡು ಸಂಜೆ ಕೂತು ತಿದ್ದಿದೆ. ಹನ್ನೆರಡು ಕಂಬ, ಹಂಸ ಮೀನಿನ ಬಾಗಿಲು, ಮಳೆನೀರು ಸುರಿಯುವ ಕಲ್ಲಿನ ಸಿಂಹದ ಬಾಯಿ, ಏನನ್ನೂ ಬಿಡಲಿಲ್ಲ. ಬರೆದದ್ದರ ಬಗ್ಗೆ ಹೆಮ್ಮೆಯಿತ್ತು. ಓದಿ ಹೇಳಿದಾಗ ತಿಮ್ಮರಾಯಪ್ಪ ಒಂದು ಮಾತು ಸೇರಿಸಿದರು: ಇದ್ದು ಬಾಳುವವರಿಗೆ ಮಾತ್ರ.

ಕಾರ್ತಿಕದಲ್ಲಿ ಜನ ಬರತೊಡಗಿದರು. ಒಬ್ಬ ಕೋಳಿ ಸಾಕುತ್ತೇನೆ ಎಂದ. ಇನ್ನೊಬ್ಬ ಬಂದು ಜಗಲಿಯ ಮೇಲೇ ನಿಂತು, ಪಾಳೇಗಾರನ ನಿಧಿ ಇಲ್ಲೇ ಎಲ್ಲೋ ಇರಬೇಕಲ್ಲ ಎಂದು ಕಣ್ಣು ಮಿಟುಕಿಸಿದ. ತಿಮ್ಮರಾಯಪ್ಪ ಇಬ್ಬರಿಗೂ ಮಜ್ಜಿಗೆ ಕೊಟ್ಟು ಕಳಿಸಿದರು. ಮೂರನೆಯವರು ಬೆಂಗಳೂರಿನ ಗಂಡ ಹೆಂಡತಿ. ಮೆತ್ತಗೆ ಮಾತಾಡುವ ಮನುಷ್ಯ, ನಲವತ್ತೈದು ಇರಬಹುದು. ಚಪ್ಪಲಿಯನ್ನು ಜಗಲಿಯ ಕೆಳಗೇ ಬಿಟ್ಟು ಬಂದರು. ಹೆಂಡತಿ ಒಲೆಯ ಮುಂದೆ ಕೂತು, "ಹೊಗೆ ಎಲ್ಲಿಂದ ಹೋಗುತ್ತೆ?" ಎಂದು ಕೇಳಿದಳು. ಇವಳು ಇಲ್ಲಿ ಒಲೆ ಹಚ್ಚುವವಳೇ ಎಂದು ವೆಂಕಟಮ್ಮ ನಂಬಲು ಅಷ್ಟೇ ಸಾಕಾಯಿತು.

ಅವರು ಹೋದ ಮೇಲೆ ತಿಮ್ಮರಾಯಪ್ಪ ನನ್ನನ್ನು ಕರೆದು ಕೇಳಿದರು: "ನಂಗೆ ಕಲ್ಲು ತಟ್ಟಿ ನೋಡೋದು ಗೊತ್ತು, ಓದಿದೋರ ಮಾತು ತಟ್ಟಿ ನೋಡೋಕೆ ಬರಲ್ಲ. ನಿಂಗೇನು ಅನ್ನಿಸ್ತದೆ ಅಮ್ಮಣ್ಣಿ? ಇರೋಕೆ ಬತ್ತಾರಾ ಇವ್ರು?"

"ಒಳ್ಳೆಯವರ ಹಾಗೆ ಕಾಣ್ತಾರೆ" ಎಂದೆ. ಆಗ ಅದು ಸುಳ್ಳಾಗಿರಲಿಲ್ಲ.

ಬೆಂಗಳೂರಿನವರಿಗೇ ಮಾರುವುದೆಂದಾಗಿ, ಸಂಕ್ರಾಂತಿ ಕಳೆದ ವಾರ ರಿಜಿಸ್ಟ್ರಿಗೆ ದಿನ ಗೊತ್ತಾಗಿತ್ತು. ಸೋಮವಾರ, ಬಂಗಾರಪೇಟೆಯಲ್ಲಿ. ಅದಕ್ಕೆ ಹಿಂದಿನ ಶುಕ್ರವಾರ ಶಾಲೆಗೆ ರಜೆಯಿತ್ತು, ನಾನು ಊರಿಗೆ ಹೊರಟಿದ್ದೆ. ಆ ಮನುಷ್ಯ ಮನೆಯ ಅಳತೆಗೆಂದು ಬಂದವರು, "ಮೇಡಂ, ರಾಬರ್ಟ್‌ಸನ್‌ಪೇಟೆ ತನಕ ನಾನೇ ಬಿಡ್ತೀನಿ ಬನ್ನಿ" ಎಂದರು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ದೊಡ್ಡ ಪುಸ್ತಕ ಬಿದ್ದಿತ್ತು, ಕೂರಲು ಜಾಗ ಮಾಡಲೆಂದು ಎತ್ತಿದೆ. ತೆರೆದುಕೊಂಡಿತು. ನಮ್ಮ ತೊಟ್ಟಿಯ ಚಿತ್ರ. ಪ್ರತಿ ಕಂಬಕ್ಕೂ ಒಂದು ನಂಬರು. ಬಾಗಿಲ ಕಲ್ಲಿಗೆ ನಂಬರು, ಸಿಂಹದ ಬಾಯಿಗೆ ನಂಬರು. ಮುಂದಿನ ಹಾಳೆಯಲ್ಲಿ ಬೇರೆ ಕಟ್ಟಡದ ನಕ್ಷೆ, ಈಜುಕೊಳದ ಸುತ್ತ ಅದೇ ಹನ್ನೆರಡು ನಂಬರು.

"ಇದೇನು ಸಾರ್?"

ಅವರು ಮುಚ್ಚಿಡಲಿಲ್ಲ. "ಹೋಟೆಲು ಮೇಡಂ. ಬೆಂಗಳೂರಿನ ಹೊರಗೆ. ನೀವೇ ಹೇಳಿ, ಈ ಕಾಡಿನಲ್ಲಿ ಯಾರು ಬಂದು ಇರ್ತಾರೆ? ಇನ್ನು ಹತ್ತು ವರ್ಷಕ್ಕೆ ಮತ್ತೆ ದನ ಕಟ್ತಾರೆ. ಅಲ್ಲಾದರೆ ಸಾವಿರ ಜನ ನೋಡ್ತಾರೆ."

ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟೆ. ಕಾಮಸಮುದ್ರ ದಾಟಿದ ಮೇಲೆ ಅವರೇ ನನ್ನ ಸಂಸಾರದ ಬಗ್ಗೆ ಕೇಳಿದರು. ಮಗಳ ವಿಷಯ ಹೇಳಿದೆ. "ಛೆ, ಮೂರು ವರ್ಷದ ಮಗು" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಎಜುಕೇಶನ್ ಇಲಾಖೆಯಲ್ಲಿ ನನಗೆ ಬೇಕಾದವರೊಬ್ಬರಿದ್ದಾರೆ. ನಿಮ್ಮ ಮನೆ ಹತ್ತಿರ, ರಾಬರ್ಟ್‌ಸನ್‌ಪೇಟೆಯಲ್ಲೇ ಜಾಗ ಇದ್ದರೆ ನೋಡೋಣ. ಒಂದು ಅರ್ಜಿ ಕೊಡಿ" ಎಂದರು. ಇದಕ್ಕೆ ಬದಲು ಅದು ಎನ್ನಲಿಲ್ಲ. ಯಾರಿಗೂ ಹೇಳಬೇಡಿ ಎಂದೂ ಹೇಳಲಿಲ್ಲ. ಹೇಳಿದ್ದರೆ ನನಗೆ ರೋಷವಾದರೂ ಬರುತ್ತಿತ್ತೇನೋ.

ಮನೆಗೆ ಹೋದಾಗ ಸುಧಾ ಬಾಗಿಲಲ್ಲೇ ಇದ್ದಳು. ನನ್ನನ್ನು ನೋಡಿ ಒಳಗೆ ಓಡಿ, ಅತ್ತೆಯ ಸೆರಗಿನ ಹಿಂದೆ ನಿಂತು, "ಅಮ್ಮಾ, ಟೀಚರ್ ಬಂದವ್ರೆ" ಎಂದಳು. ಅಮ್ಮಾ ಅಂದದ್ದು ಅತ್ತೆಗೆ. ಅತ್ತೆ ನಕ್ಕರು, ಗಂಡನೂ ನಕ್ಕ, ನಾನೂ ನಕ್ಕೆ. ಭಾನುವಾರ ಕೂತು ಅರ್ಜಿ ಬರೆದೆ. ಪುಸ್ತಕದಲ್ಲಿ ಕಂಡದ್ದನ್ನು ಗಂಡನಿಗೂ ಹೇಳಲಿಲ್ಲ.

ಸೋಮವಾರ ಬಂಗಾರಪೇಟೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದಿನ ಹುಣಸೆಮರದ ಕೆಳಗೆ ನಾವೆಲ್ಲ ಕಾದೆವು. ತಿಮ್ಮರಾಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ವೆಂಕಟಮ್ಮ ಬೆಂಗಳೂರಿನ ಹೆಂಗಸಿಗೆ ಕೊಡಲೆಂದು ಹುರಿಹಿಟ್ಟು ಮಾಡಿ ತಂದಿದ್ದರು. ಆದರೆ ಆಕೆ ಬಂದಿರಲಿಲ್ಲ. ಸಾಕ್ಷಿಗಳಾಗಿ ಇಬ್ಬರು ಬೇಕಿತ್ತು. ಒಬ್ಬ ಅವರ ಅಳಿಯ, ಇನ್ನೊಬ್ಬಳು ನಾನು. ಒಳಗೆ ಕರೆದರು. ಗುಮಾಸ್ತರು ಪತ್ರವನ್ನು ಮುಂದೆ ತಳ್ಳಿದರು. ತಿಮ್ಮರಾಯಪ್ಪ ಪೆನ್ನು ಹಿಡಿದು, ಸಹಿ ಹಾಕುವ ಜಾಗಕ್ಕೆ ಇಟ್ಟು, ತಲೆಯೆತ್ತಿ ನನ್ನನ್ನು ನೋಡಿದರು.

"ಆಕ್ಲಾ ಅಮ್ಮಣ್ಣಿ?"

ಬೆಂಗಳೂರಿನ ಆ ಮನುಷ್ಯ ನನ್ನ ಕಡೆ ನೋಡಲೂ ಇಲ್ಲ, ಕಿಟಕಿಯಾಚೆ ನೋಡುತ್ತಿದ್ದರು.

"ಹಾಕಿ" ಎಂದೆ.

ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಅದರ ಕೆಳಗೆ ನಾನೂ ಹಾಕಿದೆ.

ಅವರಿಬ್ಬರೂ ಬಂಗಾರಪೇಟೆಗೆ ಹೊರಟುಹೋದರು. ನನಗೆ ವರ್ಗದ ಆದೇಶ ಬರುವವರೆಗೆ ಆ ಹಳ್ಳಿಯಲ್ಲೇ ಇನ್ನೊಂದು ಮನೆಯಲ್ಲಿ ಉಳಿದೆ. ಆದೇಶ ಶಿವರಾತ್ರಿಯ ಮರುದಿನ ಬಂತು. ಒಂದು ವಾರದಲ್ಲಿ ಬಿಡುಗಡೆಯಾಗಬೇಕಿತ್ತು. ಅದೇ ವಾರ ಎರಡು ಲಾರಿಗಳೂ ಬಂದವು.

ಮೂರನೇ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಸುತ್ತಿಗೆಯ ಸದ್ದು ಕೇಳಿ ಹುಡುಗರೆಲ್ಲ ಕಿಟಕಿಗೆ ಹೋದರು. ನಾನೂ ಹೋದೆ. ಆಮೇಲೆ ಶಾಲೆ ಬಿಟ್ಟು ಓಡಿದೆ. ಕಲ್ಮನೆಯ ತೊಟ್ಟಿಯಲ್ಲಿ ಎಂಟು ಜನ ಕೂಲಿಯವರು, ಎಲ್ಲ ಆ ಹಳ್ಳಿಯವರೇ. ಅವರಲ್ಲಿ ಮೂವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಕೆ.ಜಿ.ಎಫ್. ಕಡೆಯ ತಮಿಳು ಮೇಸ್ತ್ರಿಯೊಬ್ಬ ಪೂರ್ವದ ಸಾಲಿನ ಮೂರನೆಯ ಕಂಬದ ಬುಡ ಬಿಡಿಸಲು ಶುರುಮಾಡಿಸಿದ್ದ. ಬಳ್ಳಿಯ ಕೆತ್ತನೆಯ ಕಂಬವೇ ಮೊದಲು ಬೇಕೆಂದು ಅವನಿಗೆ ಹೇಳಿದ್ದರಂತೆ.

"ಅದನ್ನ ಮುಟ್ಟಬೇಡಿ! ಮೇಲಿನ ಚಪ್ಪಡಿ ಬೀಳುತ್ತೆ" ಎಂದು ಕಿರುಚಿದೆ.

"ಒಣ್ಣುಂ ಆವಾದು ಟೀಚರಮ್ಮ," ಎಂದ ಮೇಸ್ತ್ರಿ ನಗುತ್ತ. "ಕಲ್ಲು ಇಳಿಸೋದು ನಮಗೇನು ಹೊಸದಾ? ಏನೂ ಆಗಲ್ಲ, ನೀವು ಸ್ಕೂಲಿಗೆ ಹೋಗಿ."

ಕಂಬವನ್ನು ತಟ್ಟಿ ತೋರಿಸಿದೆ. ಮಡಕೆಯ ಸದ್ದು ಅವನಿಗೂ ಕೇಳಿಸಿತು. ನಗು ನಿಲ್ಲಿಸಿದ. ಆದರೆ ಮಾಲೀಕರು ನಾಳಿದ್ದು ಬರುತ್ತಾರೆ, ಅಷ್ಟರಲ್ಲಿ ಆ ಸಾಲು ಇಳಿಸಿರಲೇಬೇಕು ಎಂದ. ಇವತ್ತು ಸಣ್ಣ ಕಲ್ಲು ಇಳಿಸಿ, ನಾಳೆ ಮಧ್ಯಾಹ್ನದವರೆಗೆ ಆ ಕಂಬ ಬಿಡಿ ಎಂದು ಬೇಡಿಕೊಂಡೆ. ಒಪ್ಪಿದ. ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂಗಾರಪೇಟೆಗೆ ಒಂದು ಚೀಟಿ ಕಳಿಸಿದೆ. 'ಮನೆ ಕೀಳುತ್ತಿದ್ದಾರೆ. ಕೆಳಗೆ ಎಂಟು ಜನ ಇದ್ದಾರೆ. ಮೂರನೆಯ ಕಂಬ.' ಅಷ್ಟೇ ಬರೆದೆ. ನನಗೆ ಮೊದಲೇ ಗೊತ್ತಿತ್ತು ಎಂದು ಬರೆಯಲಿಲ್ಲ.

ಮಾರನೆಯ ದಿನ ಬೆಳಗಿನ ಬಸ್ಸಿಗೇ ತಿಮ್ಮರಾಯಪ್ಪ ಬಂದರು. ಟಾರು ರಸ್ತೆಯಿಂದ ಎರಡು ಮೈಲಿಯನ್ನು ಎಷ್ಟು ಕಡೆ ಕೂತು ನಡೆದರೋ, ಊರು ಮುಟ್ಟಿದಾಗ ಹನ್ನೊಂದಾಗಿತ್ತು. ತುಟಿ ನೀಲಿಯಾಗಿತ್ತು. ಜಗಲಿಯ ಮುಂದೆ ನಿಂತು, ಹೊರಗಿಟ್ಟಿದ್ದ ಬಾಗಿಲ ಕಲ್ಲನ್ನು ನೋಡಿದರು. ಅವರು ಅಳುತ್ತಾರೆ, ಬಯ್ಯುತ್ತಾರೆ ಎಂದು ಎಲ್ಲರೂ ಕೆಲಸ ನಿಲ್ಲಿಸಿ ಕಾದರು.

"ಎಲ್ರೂ ಈಚೆ ಬನ್ರಲಾ" ಎಂದರು. ಬಂದರು. ತಾವೊಬ್ಬರೇ ಒಳಗೆ ಹೋಗಿ ತುಂಬ ಹೊತ್ತು ಮಾಡು ತಟ್ಟಿದರು. ಹೊರಗೆ ಬಂದು ಮೇಸ್ತ್ರಿಗೆ ಹೇಳಿದರು: "ನೀಲಗಿರಿ ಬೊಡ್ಡೆ ಇಪ್ಪತ್ತು ಬೇಕು. ಒಂದೇ ಅಳತೆದು. ಮೊದ್ಲು ಮೇಲಿನ ಗಾರೆ, ಆಮ್ಯಾಲೆ ಚಪ್ಪಡಿ, ಕಡೇಗೆ ಕಂಬ. ನಾನು ಊಂ ಅನ್ನೋ ತನಕ ಯಾರೂ ಕೆಳಗೆ ಓಗ್ಕೂಡ್ದು."

"ಪೆರಿಯವರೇ, ಇದು ಈಗ ನಿಮ್ಮ ಮನೆ ಅಲ್ಲವಲ್ಲ" ಎಂದ ಮೇಸ್ತ್ರಿ, ಮೆಲ್ಲಗೆ.

"ಮಾಡಿನ ಕೆಳಗೆ ಜನ ಇದ್ದಾಗ ಅದು ಯಾರ್ದು ಅಂತ ಕೇಳ್ಬಾರ್ದು ಕಣಪ್ಪ."

ಹೀಗೆ ಮೂರು ವರ್ಷ ಕಟ್ಟಿದವರೇ ಮೂರು ದಿನದಲ್ಲಿ ಇಳಿಸಿದರು. ಬೊಡ್ಡೆಗಳನ್ನು ಸುರಂಗದಲ್ಲಿ ನಿಲ್ಲಿಸುವಂತೆ ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ಬೆಣೆ ಬಡಿಸಿ, ಒಂದೊಂದೇ ಚಪ್ಪಡಿಯನ್ನು ಹಗ್ಗದಲ್ಲಿ ಇಳಿಸಿದರು. ಹೋದ ವರ್ಷ ಬೆಲ್ಲ ಹಾಕಿ ಅರೆದಿದ್ದ ಗಾರೆ ಹಾರೆಗೆ ಜಗ್ಗಲಿಲ್ಲ. ಒಡೆದಾಗ ಬಿಳಿ ದೂಳು ತೊಟ್ಟಿಯ ತುಂಬ ಏಳುತ್ತಿತ್ತು. ದೂರ ಕೂತು ಹೇಳಿ ಎಂದು ನಾನೂ ಮೇಸ್ತ್ರಿಯೂ ಎಷ್ಟು ಹೇಳಿದರೂ ಕೇಳದೆ, ಟವಲನ್ನು ಮೂಗಿಗೆ ಕಟ್ಟಿಕೊಂಡು ಮಾಡಿನ ಕೆಳಗೇ ನಿಂತಿದ್ದರು. ಅಲ್ಲಿ ನಿಂತರೆ ಮಾತ್ರ ಕಲ್ಲಿನ ಸದ್ದು ಕೇಳುತ್ತದೆ ಎಂದರು. ನಾನು ನೀರು ತಂದುಕೊಡುತ್ತಿದ್ದೆ. ಬೇರೇನು ಮಾಡಲಿ ಎಂದು ತಿಳಿಯುತ್ತಿರಲಿಲ್ಲ.

ಎರಡನೆಯ ದಿನ ಆ ಬೆಂಗಳೂರಿನ ಮನುಷ್ಯ ಬಂದರು. ನಡೆದದ್ದು ತಿಳಿದು, ಕೈಮುಗಿದು ಏನೋ ಹೇಳಹೊರಟರು. ತಿಮ್ಮರಾಯಪ್ಪ ಅವರ ಕಡೆ ತಿರುಗಲಿಲ್ಲ. "ಎಂಟು ಜನ ಇದ್ರು ಸಾಮಿ ಕೆಳಗೆ" ಎಂದರು, ಮೇಲೆ ನೋಡುತ್ತಲೇ.

ಕೊನೆಯ ದಿನ ಬಳ್ಳಿಯ ಕಂಬವನ್ನು ಮಲಗಿಸಿದಾಗ ಅದು ನಡುವೆ ಎರಡಾಯಿತು. ಯಾರಿಗೂ ಏನೂ ಆಗಲಿಲ್ಲ. ಎಂಟು ಜನರೂ ಸಂಜೆ ಮನೆಗೆ ಹೋದರು. ತಿಮ್ಮರಾಯಪ್ಪನವರನ್ನು ಲಾರಿಯಲ್ಲೇ, ಡ್ರೈವರ್ ಪಕ್ಕದಲ್ಲಿ ಕೂರಿಸಿ ಬಂಗಾರಪೇಟೆಗೆ ಕಳಿಸಿದೆವು. ಹಿಂದೆ ಅವರ ಕಂಬಗಳಿದ್ದವು.

ನಾನು ರಾಬರ್ಟ್‌ಸನ್‌ಪೇಟೆಯ ಶಾಲೆಗೆ ಸೇರಿದೆ. ಸುಧಾ ಹದಿನೈದು ದಿನದಲ್ಲಿ ನನ್ನನ್ನು ಅಮ್ಮ ಅಂದಳು. ಆ ಸಂತೋಷ ಸುಳ್ಳಾಗಿತ್ತು ಎಂದು ಹೇಳಲಾರೆ. ರಾತ್ರಿ ಅವಳು ನನ್ನ ಕೈಮೇಲೆ ತಲೆಯಿಟ್ಟು ಮಲಗುತ್ತಿದ್ದಳು, ನಾನೂ ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ.

ಬೇಸಿಗೆ ರಜೆಯಲ್ಲಿ ಬಂಗಾರಪೇಟೆಗೆ ಹೋದೆ. ತಿಮ್ಮರಾಯಪ್ಪ ಎರಡು ದಿಂಬಿಗೆ ಒರಗಿ ಕೂತಿದ್ದರು, ಮಲಗಲು ಆಗುತ್ತಿರಲಿಲ್ಲ. ನೋಡಿ ಖುಷಿಪಟ್ಟರು. ವೆಂಕಟಮ್ಮ ಕಾಫಿ ತಂದರು. ಲೋಟ ಕೆಳಗಿಟ್ಟು ಹೇಳಿದೆ: "ನನಗೆ ಗೊತ್ತಿತ್ತು. ಅವರು ಕೀಳೋದಕ್ಕೇ ಕೊಳ್ತಾರೆ ಅಂತ ಗೊತ್ತಿತ್ತು."

ತಿಮ್ಮರಾಯಪ್ಪ ದಿಂಬಿನಿಂದ ಮುಂದಕ್ಕೆ ಬಾಗಿದರು.

"ಯಾವತ್ತು ಗೊತ್ತಾಯ್ತು?"

"ರಿಜಿಸ್ಟ್ರಿಗೆ ಮೂರು ದಿನ ಮುಂಚೆ." ಕಾರು, ಪುಸ್ತಕ, ವರ್ಗದ ಅರ್ಜಿ ಎಲ್ಲ ಹೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಲೆಕ್ಕ ತಪ್ಪಿದವರ ಹಾಗೆ ನನ್ನ ಮುಖವನ್ನೇ ನೋಡಿ, "ಆಕ್ಲಾ ಅಂತ ನಿನ್ನ ಕೇಳಿದ್ನಲ್ಲಮ್ಮ" ಎಂದರು.

ನನಗೆ ಅಳು ಒತ್ತರಿಸಿ ಬಂತು. ಅದೇ ಹೊತ್ತಿಗೆ ಅವರಿಗೆ ಕೆಮ್ಮು ಶುರುವಾಯಿತು. ವೆಂಕಟಮ್ಮ ಯಾರ ಕಡೆ ಹೋಗುವುದೆಂದು ಒಂದು ಕ್ಷಣ ನಿಂತರು. ಆಮೇಲೆ ನನ್ನನ್ನು ಹಿಡಿದು ಹಿತ್ತಿಲಿಗೆ ಕರೆದೊಯ್ದು, ಮುಖ ತೊಳೆಸಿ, ಬೆನ್ನು ಸವರಿ, "ಓಗ್ಲಿ ಬಿಡಮ್ಮ, ಓಗ್ಲಿ ಬಿಡು" ಎಂದರು. ಒಳಗೆ ಕೆಮ್ಮು ನಿಲ್ಲದೆ ಕೇಳುತ್ತಿತ್ತು. ವೆಂಕಟಮ್ಮ ನನ್ನ ಬೆನ್ನಿನ ಮೇಲಿನ ಕೈ ತೆಗೆಯಲಿಲ್ಲ, ನಾನೂ ತೆಗೆಯಲು ಬಿಡಲಿಲ್ಲ.

ಮತ್ತೆ ಹೋಗಬೇಕೆಂದುಕೊಂಡೆ. ಶಾಲೆ ಶುರುವಾಯಿತು, ಸುಧಾಳಿಗೆ ದಡಾರ ಎದ್ದಿತು, ಹೀಗೆ ಒಂದೊಂದು ನೆಪ. ಗಣೇಶನ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ವೆಂಕಟಮ್ಮ ಕೂತಿದ್ದು ಕಂಡಿತು. ಹಣೆ ಬರಿದಾಗಿತ್ತು. ಗಂಡನ ಪಿಂಚಣಿಯ ಕಾಗದಕ್ಕೆಂದು ಬಂದಿದ್ದರಂತೆ.

"ಯಾವಾಗ?" ಎಂದೆ.

"ಶ್ರಾವಣದಾಗೆ. ತಿಂಗಳ ಮೇಲಾಯ್ತು."

"ನನಗೊಂದು ಮಾತು ಹೇಳಿ ಕಳಿಸಬಾರದಿತ್ತಾ?"

ವೆಂಕಟಮ್ಮ ಕಾಗದದ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. "ಅವ್ರೇ ಬ್ಯಾಡ ಅಂದಿದ್ರು ಕಣಮ್ಮ. ಸಿಟ್ಟಿಗಲ್ಲ. 'ಆಯಮ್ಮ ಬಂದ್ರೆ ಅಳ್ತದೆ. ಅವತ್ತು ನೀನು ಆಯಮ್ಮನ್ನ ಸಮಾಧಾನ ಮಾಡ್ತಾ ಕೂರ್ಬೇಕಾಗ್ತದೆ. ಅವತ್ತೊಂದಿನ ನೀನು ಯಾರ್ನೂ ಸಮಾಧಾನ ಮಾಡ್ಬ್ಯಾಡ, ನೀನು ಅಳು' ಅಂದ್ರು."

ಬಂಗಾರಪೇಟೆಯ ಬಸ್ಸು ಬಂತು. ಚೀಲ ಹಿಡಿದು ಅವರನ್ನು ಹತ್ತಿಸಿದೆ, ಕಿಟಕಿಯ ಪಕ್ಕ ಜಾಗ ಮಾಡಿಸಿದೆ. ವೆಂಕಟಮ್ಮ ಕಂಬಿಗಳ ನಡುವಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕೈ ಎತ್ತಿ, ಹೋಗಿ ಬನ್ನಿ ಎಂದೆ. ಬಸ್ಸು ತಿರುವಿನಲ್ಲಿ ಪೂರ್ತಿ ಮರೆಯಾಗುವವರೆಗೆ ನಾನು ಅಳಲಿಲ್ಲ. ತಿಮ್ಮರಾಯಪ್ಪನವರು ನನ್ನಿಂದ ಬಯಸಿದ್ದರಲ್ಲಿ ನಾನು ನಡೆಸಿಕೊಟ್ಟದ್ದು ಅದೊಂದೇ.